ಕಣಿವೆಯ ಕೊನೆಯ ಮನೆ

ಕುವೈತಿನಲ್ಲಿ ಬೆಟ್ಟವಿಲ್ಲ. ಹಿಮಾಲಯದ ಹುಚ್ಚು ಹತ್ತಿಸಿಕೊಂಡಿದ್ದ ನನ್ನ ಗಂಡನಿಗೆ ಅದೇ ಕೊರಗು. ಹಾಗಾಗಿ ರಜೆ ಹತ್ತಿರ ಬಂತೆಂದರೆ ಬೆಟ್ಟ ಹತ್ತುವ ಅಭ್ಯಾಸಕ್ಕೆಂದು ನಾವಿಬ್ಬರೂ ಬೆನ್ನ ಚೀಲಕ್ಕೆ ಅಕ್ಕಿ ತುಂಬಿಕೊಂಡು ಮಂಗಫ್‌ನ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆವು. ಎದುರು ಮನೆಯ ಮಂಗಳೂರಿನ ನರ್ಸ್ ಬಾಗಿಲು ತೆರೆದು, "ಲಿಫ್ಟ್ ಸರಿ ಉಂಟಲ್ಲ ಮಾರಾಯ್ರೆ, ನಿಮಗೆ ಎಂತ ಮರ್ಲಾ?" ಎಂದು ನಗುತ್ತಿದ್ದರು.

ತೊಂಬತ್ತರ ಬೇಸಿಗೆಯಲ್ಲಿ ರಿಫೈನರಿ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ ನನ್ನ ಗಂಡನ ರಜೆಯನ್ನು ನುಂಗಿತು. ನಾನು ಸಿಡಿದೆ. "ನಿಮಗೆ ನನಗಿಂತ ಆ ಪೈಪುಗಳೇ ಹೆಚ್ಚು!"

"ಕೋಪ ಮಾಡ್ಕೋಬೇಡ್ವೇ. ಗೆಳತೀರ ಜೊತೆ ನೀನು ಹೊರಟುಬಿಡು. ಕೆಲಸ ಖಲಾಸ್ ಆದ ತಕ್ಷಣ ನಾನೂ ಬರ್ತೀನಿ. ಹೋದ ವರ್ಷ ಉಳ್ಕೊಂಡಿದ್ವಲ್ಲ, ಕಣಿವೆಯ ಕೊನೆಯ ಮನೆ, ಅಲ್ಲೇ ಇರು. ನಾನು ಬರೋವರ್ಗೂ ಕೆಳಗಿಳೀಬೇಡ. ಫೋನಿಲ್ಲದ ಜಾಗ, ದಾರೀಲಿ ಒಬ್ರಿಗೊಬ್ರು ತಪ್ಪಿಹೋದ್ರೆ ಕಷ್ಟ."

ಹಿಮಾಚಲದಲ್ಲಿ ಊರಿಂದೂರಿಗೆ ನಡೆದೆವು. ಸಂಜೆ ಯಾವುದಾದರೂ ಮನೆಯ ಬಾಗಿಲು ತಟ್ಟುವುದು, ಒಲೆಯ ಸುತ್ತ ಮಲಗುವುದು, ಬೆಳಿಗ್ಗೆ ಬಾರ್ಲಿ ರೊಟ್ಟಿ ತಿಂದು ಮುಂದಿನ ಕಣಿವೆ. ಉಪ್ಪು, ಬೆಣ್ಣೆ ಹಾಕಿದ ಅವರ ಚಹಾ ನನಗೆ ಕೊನೆಗೂ ಒಗ್ಗಲಿಲ್ಲ. ನನ್ನನ್ನು ಕೊನೆಯ ಮನೆ ಮುಟ್ಟಿಸಿ ಗೆಳತಿಯರು ಹಿಂದಿರುಗಿದರು. ಇನ್ನೂ ಬರುವ ದಾರಿಯಲ್ಲಿರುವವರಿಗೂ ಹಾಸಿಗೆ ಹಾಸಿಡುವುದು ಆ ಮನೆಯ ಪದ್ಧತಿ. ಮನೆಯೊಡತಿ ಅಜ್ಜಿ ಒಲೆಯ ಪಕ್ಕ ನನ್ನ ಕಂಬಳಿಯ ಜೊತೆ ನನ್ನ ಗಂಡನದನ್ನೂ ಹಾಸಿದಳು.

ಆಗಸ್ಟಿನಲ್ಲಿ ನಾವು ಬಟಾಣಿ ಕೀಳುತ್ತಿದ್ದಾಗ ಅಜ್ಜಿಯ ಮಗ ರೇಡಿಯೋ ಹಿಡಿದು ಹೊಲಕ್ಕೆ ಓಡಿಬಂದ. ಇರಾಕಿನ ಸೇನೆ ಕುವೈತಿಗೆ ನುಗ್ಗಿತ್ತು. ಅವನೇ ರಸ್ತೆಯವರೆಗೆ ಇಳಿದು ಫೋನಿಗೆ ಪ್ರಯತ್ನಿಸಿ ಬಂದು, ಕುವೈತಿಗೆ ಲೈನೇ ಇಲ್ಲ ಎಂದ. ಹೇಗಾದರೂ ತಪ್ಪಿಸಿಕೊಂಡರೆ ಅವರು ನೇರ ಇಲ್ಲಿಗೇ ಬರುತ್ತಾರೆ ಎಂದು ನಾನು ಕೂತೆ. ದಾರಿ ನೋಡಿ ನೋಡಿ ಸಾಕಾಯಿತು. ಅಜ್ಜಿ ದಿನವೂ ಆ ಕಂಬಳಿಯನ್ನು ಕೊಡವಿ ಮತ್ತೆ ಹಾಸುವಳು. ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಸೆಪ್ಟೆಂಬರ್ ಮಧ್ಯದಲ್ಲಿ, ಶಿಖರಗಳ ಮೇಲೆ ಹೊಸ ಹಿಮ ಕಂಡ ಬೆಳಿಗ್ಗೆ ಅಜ್ಜಿ ಹಿಂದಿಯಲ್ಲಿ ಹೇಳಿದಳು: "ಇನ್ನು ಘಾಟಿ ಮುಚ್ಚುತ್ತದೆ ಮಗಳೇ. ನೀನು ಹೋಗು." ನಾನು ಇಳಿದೆ. ಮೈಸೂರಿನ ಅಣ್ಣನ ಮನೆಯಲ್ಲಿದ್ದುಕೊಂಡು, ಕುವೈತಿನಿಂದ ತಪ್ಪಿಸಿಕೊಂಡು ಬಂದವರನ್ನೆಲ್ಲ ಕೇಳಿದೆ. ಯಾರೂ ಅವರನ್ನು ಕಂಡಿರಲಿಲ್ಲ.

ಮರುವರ್ಷ ಯುದ್ಧ ಮುಗಿದ ಮೇಲೆ, ಕುವೈತಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಬ್ಯಾಂಕು ಮತ್ತೆ ಕರೆಯಿತು. ಮಂಗಫ್‌ಗೆ ಬಂದೆ. ಉರಿಯುತ್ತಿದ್ದ ಎಣ್ಣೆಬಾವಿಗಳ ಹೊಗೆಗೆ ಮಧ್ಯಾಹ್ನವೇ ದೀಪ ಹಾಕಬೇಕಿತ್ತು. ನಮ್ಮ ಮನೆಯ ಬಾಗಿಲನ್ನೂ ಯಾರೋ ಕಿತ್ತುಕೊಂಡು ಹೋಗಿದ್ದರು. ಎದುರು ಮನೆಯ ನರ್ಸ್ ಮಾತ್ರ ಆಸ್ಪತ್ರೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ನನ್ನ ಕೈಹಿಡಿದು ಕೂರಿಸಿದರು.

"ನಿಮ್ಮವರು ಜೋರ್ಡಾನಿನ ಅಮ್ಮಾನಿಗೆ ಹೋಗುವ ಬಸ್ಸಿಗೆ ಹೆಸರು ಕೊಟ್ಟಿದ್ರು, ಅಲ್ಲಿಂದ ಊರಿಗೆ ವಿಮಾನ. ಸರದಿ ಬರ್ಲಿಕ್ಕೆ ಸ್ವಲ್ಪ ದಿನ ಇತ್ತು. ದಾರಿ ಸರಿ ಇಲ್ಲ, ಎಲ್ಲರ ಒಟ್ಟಿಗೆ ಹೋಗಿ ಅಂತ ನಾವು ಎಷ್ಟು ಹೇಳಿದೆವು. ಕೇಳ್ಲಿಲ್ಲ. ಯಾರದ್ದೋ ಕಾರಲ್ಲಿ ಇರಾಕಿನ ಬಸ್ರಾ ಕಡೆ ಹೋದ್ರು. ಮತ್ತೆ ಸುದ್ದಿಯೇ ಇಲ್ಲ. ಆ ಬಸ್ಸಲ್ಲಿ ಹೋದವರೆಲ್ಲ ಊರು ಮುಟ್ಟಿದ್ರು ಮಾರಾಯ್ರೆ."

"ಅಷ್ಟೇನು ಅವಸರ ಇತ್ತು ಅವರಿಗೆ?"

"ಹಿಮ ಬಿದ್ರೆ ಘಾಟಿ ಮುಚ್ತದಂತೆ. ನಾನು ಹೋಗದೆ ಅವಳು ಕೆಳಗೆ ಇಳಿಯುವವಳಲ್ಲ ಅಂತ ಹೇಳಿದ್ರು."

ಯಾವಾಗ ಎಂದು ಕೇಳಿದೆ. ಸೆಪ್ಟೆಂಬರ್ ಕೊನೆಗೆ ಎಂದರು. ಆಗ ನಾನು ಮೈಸೂರಿನಲ್ಲಿದ್ದೆ.