ವಜ್ರ ಸುಟ್ಟ ಗೋಣೆಪ್ಪ

ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಬೆಳಕು ಹರಿಯುವ ಮೊದಲೇ ಕಂಬಾರ ಗೋಣೆಪ್ಪನ ಕುಲುಮೆ ಹೊತ್ತಿರುತ್ತದೆ. ಹೆಂಡತಿ ಕಳಕವ್ವ ತಿದಿ ಒತ್ತುತ್ತಾಳೆ. ಕಲ್ಲುಕುಟಿಗರ ಉಳಿಯ ತುದಿ ಬಾರಿಹಣ್ಣಿನ ಕೆಂಪಿಗೆ ತಿರುಗಿದೊಡನೆ ಚುಂಯ್ ಎಂದು ನೀರಿಗಿಳಿಯುತ್ತದೆ. "ಬಿಸಲ ಬಿದ್ರ ಬೆಂಕಿ ಬಣ್ಣ ತಿಳಿಯಂಗಿಲ್ರಿ. ಹದ ತಪ್ಪತೈತಿ," ಎನ್ನುತ್ತಾನೆ ಗೋಣೆಪ್ಪ. ದಿನಕ್ಕೆ ನಲವತ್ತು ಉಳಿ. ಅವುಗಳಲ್ಲಿ ವಾರಕ್ಕೊಮ್ಮೆ ಬೆಂಕಿ ಕಾಣುವ ಒಂದಕ್ಕೆ ಮಾತ್ರ ಊರಲ್ಲಿ ವಾರಸುದಾರರಿಲ್ಲ.

ಅದು ಮೈನುದ್ದೀನನದು. ಗೋಣೆಪ್ಪನ ಜೊತೆಯಲ್ಲೇ ಬೆಳೆದ ಈ ಕಲ್ಲುಕುಟಿಗ ನಾಲ್ಕು ವರ್ಷದ ಹಿಂದೆ, ೧೯೫೩ರಲ್ಲಿ, ಉಳಿಯನ್ನು ಇಲ್ಲೇ ಬಿಟ್ಟು ಮುಂಬಯಿಯ ಕಲ್ಲಿನ ಕಾರ್ಖಾನೆ ಸೇರಿದ. ಅಲ್ಲಿ ಕಲ್ಲು ಕೊಯ್ಯುವುದು ಗಾಲಿ. ಲೋಹದ ಪುಡಿಗೆ ವಜ್ರದ ಪುಡಿ ಕಲಸಿ, ಒತ್ತಿ, ಕಾಸಿ ಮಾಡಿದ ತುಂಡುಗಳು ಅದರ ಅಂಚಿಗೆ ಕೂತಿರುತ್ತವೆ. ಹೋದ ವರ್ಷ ಅವನು ಅಂಥ ಎರಡು ತುಂಡು ಕಳಿಸಿ ಕಾಗದ ಬರೆದ. ಗಾಲಿ ಮೊಂಡಾಗಿದೆ, ಕಾರಣ ತಿಳಿಯದಿದ್ದರೆ ಮಾಲೀಕ ಅದನ್ನು ತೆಗೆಸುತ್ತಾನೆ, ಅದನ್ನು ನಡೆಸುವ ನನ್ನ ಕೆಲಸ ಹೋದರೆ ಊರಿಗೇ ಬಂದುಬಿಡುತ್ತೇನೆ.

ಗೋಣೆಪ್ಪ ಒಂದನ್ನು ಸೀದಾ ಬೆಂಕಿಗೆ ಹಾಕಿದ! ವಜ್ರದ ಹರಳೆಲ್ಲ ಮಂಕಾಗಿ ಉದುರಿದವು. "ಮೊಂಡಾಗಿದ್ದು ಕಂಡ್ರ ಕೈ ತಾನ ಕುಲುಮಿಗೆ ಹೊಕ್ಕೈತ್ರಿ." ಕಳಕವ್ವನಿಗೆ ಈಗಲೂ ನಗು. "ನನಗೊಂದು ಮೂಗಬಟ್ಟ ಮಾಡಿಸಲಿಲ್ಲ, ವಜ್ರಾ ಸುಟ್ಟು ಬೂದಿ ಮಾಡಿದ ನೋಡ್ರಿ!"

ಎರಡನೆಯದನ್ನು ಅವನು ಗುಡ್ಡದ ಒರಟು ಕೆಂಪುಕಲ್ಲಿಗೆ ಉಜ್ಜಿದ. ನುಣುಪು ಹೋಗಿ ಅಂಚು ಉಗುರಿಗೆ ತರಿತರಿಯಾಗಿ ಸಿಕ್ಕಿತು. "ಹರಳ ಹಿಡದ ಲೋಹಾ ಸವೀಬೇಕ್ರಿ, ಅಂದ್ರ ಒಳಗಿನ ಹೊಸಾ ಹರಳ ಮಾರಿ ತೋರಸತೈತಿ. ನುಣುಪ ಕಲ್ಲಿಗೆ ಸವೀಲಿಲ್ಲಂದ್ರ ಮೊಂಡ. ಭಾಳ ಸವದ್ರ ಹರಳ ದುಡಿಯೂಕಿಂತ ಮೊದಲ ಉದರತೈತಿ."

ಗುಟ್ಟು ತಿಳಿದ ಮೇಲೂ ಮೂರು ದಿನ ಕಾಗದ ಬರೆಸಲಿಲ್ಲ. ಬರೆಯದಿದ್ದರೆ ಗೆಳೆಯ ಕೆಲಸ ಕಳೆದುಕೊಂಡು ಮನೆಗೆ ಬರುತ್ತಾನೆ. ಆ ಆಸೆ ಅವನನ್ನು ಉಣ್ಣಗೊಡಲಿಲ್ಲ. ನಾಲ್ಕನೆಯ ದಿನ ಊರ ಶಾಲೆಯ ವಾಸುದೇವ ಮಾಸ್ತರರ ಮುಂದೆ ಹೋಗಿ ಕೂತು, ಗಾಲಿಗೆ ಮೊದಲು ಒರಟು ಕಲ್ಲು ಕೊಡಿ ಎಂದು ಬರೆಸಿದ. "ಹೊಟ್ಟಿಪಾಡಿನ ಮಾತ್ರಿ ಅದು. ಹ್ಯಾಂಗ ಮುಚ್ಚಿಡ್ಲಿ?"

ಮುಂಬಯಿಯಲ್ಲಿ ಗಾಲಿ ತಿರುಗುತ್ತಿದೆ. ಮೈನುದ್ದೀನ ಅಲ್ಲೇ ಇದ್ದಾನೆ.

ಇಲ್ಲಿ ಅವನ ಉಳಿ ಕಲ್ಲು ಮುಟ್ಟದೆಯೂ ಸವೆಯುತ್ತಿದೆ. ಪ್ರತಿ ಸಲ ಕಾಸಿ ಬಡಿದಾಗ ತುದಿ ಒಂದಿಷ್ಟು ಹೋಗುತ್ತದೆ. ಗೇಣುದ್ದ ಇದ್ದದ್ದು ಈಗ ಆರು ಬೆರಳು. ಸುಮ್ಮನೆ ಯಾಕೆ ಕಾಸುತ್ತೀ ಎಂದು ಕೇಳಿದರೆ ಗೋಣೆಪ್ಪ ಅದನ್ನು ಅಂಗೈಯಲ್ಲಿ ಅಳೆಯುತ್ತಾನೆ.

"ಬಂದ ದಿನ ಮೊಂಡ ಉಳಿ ಕೊಡಾಕ ಆಗತೈತೇನ್ರಿ? ಅಂವ ಬರೂತನಕ ಹಿಡಿಯಾಕ ಒಂದೀಟರ ಇರಲಿ. ಅಷ್ಟ ನನ್ನ ಆಸೆ."