ದೊಡ್ಡಮ್ಮ ಬರೆದ ಅಜ್ಜಿ

ನಮ್ಮ ದೊಡ್ಡಮ್ಮ ಮುಖ ಬರೆದು ಹೊಟ್ಟೆ ಹೊರೆದವಳು, ಆದರೆ ಮುಖ ನೋಡಿ ಮಣೆ ಹಾಕಿದವಳಲ್ಲ. ಎದುರಿಗೆ ಕೂತವನು ಜಡ್ಜಾದರೂ ಸರಿ, ಜವಾನನಾದರೂ ಸರಿ, ಅಲ್ಲಾಡಿದರೆ ಬೈಗುಳ ಒಂದೇ. ಮೊದಲು ಫೋಟೋ ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಫೋಟೋಗಳ ಕೆನ್ನೆಗೆ ಬಣ್ಣ ಹಚ್ಚುತ್ತಿದ್ದಳಂತೆ. ಆಮೇಲೆ ಟೈಲರ್ ಅಂಗಡಿಯ ಮಹಡಿ ಮೇಲೆ ಒಂದು ಕೋಣೆ ಹಿಡಿದು ತಾನೇ ಭಾವಚಿತ್ರ ಬರೆಯತೊಡಗಿದಳು. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು, ಮೇಲೆಲ್ಲ ಟರ್ಪೆಂಟೈನ್ ವಾಸನೆ. ಆ ವಾಸನೆ ಈಗ ಎಲ್ಲಿ ಬಡಿದರೂ ನನಗೆ ಹಸಿವಾಗುತ್ತದೆ. ಶಾಲೆ ಬಿಟ್ಟ ಕೂಡಲೇ ನಾನು ತಿಂಡಿಗೆ ಓಡುತ್ತಿದ್ದದ್ದು ಅಲ್ಲಿಗೇ.

ನಿಸರ್ಗಚಿತ್ರ ಮಾತ್ರ ಅವಳ ಸ್ವಂತ ಸುಖ. ರಜೆ ಬಂತೆಂದರೆ ಮಡಿಸುವ ಕುರ್ಚಿ ಹೊತ್ತು ಹೊಳೆ ದಂಡೆಗೆ ಹೊರಟಳು ಎಂದೇ ಲೆಕ್ಕ. "ಮರಗಳೇ ವಾಸಿ ಕಣೇ, ಮೂಗು ಸ್ವಲ್ಪ ಸಣ್ಣ ಮಾಡಿ ಅಂತ ಪ್ರಾಣ ತಿನ್ನಲ್ಲ" ಅನ್ನುತ್ತಿದ್ದಳು.

ತೀರಿಹೋದವರ ಚಿತ್ರವನ್ನು ಫೋಟೋ ಇಲ್ಲದೆಯೇ ಬರೆಯುವುದರಲ್ಲಿ ಅವಳದು ಎತ್ತಿದ ಕೈ. ಮನೆಮಂದಿಯನ್ನೆಲ್ಲ ಸಾಲಾಗಿ ಕೂರಿಸಿ, "ನಿಮ್ಮಪ್ಪನ ಮೂಗು ಯಾರಿಗೆ ಬಂದಿದೆ? ಗದ್ದ ಯಾರಿಗೆ?" ಎಂದು ಕೇಳಿ, ಒಬ್ಬೊಬ್ಬರಿಂದ ಒಂದೊಂದು ಎತ್ತಿಕೊಂಡು ಮುಖ ಕೂಡಿಸುತ್ತಿದ್ದಳು. ಮೂಗು ತನ್ನದೆಂದು ಅಣ್ಣತಮ್ಮಂದಿರು ಅಲ್ಲೇ ಜಗಳಕ್ಕೆ ನಿಂತದ್ದೂ ಉಂಟು.

ಅಂಥವಳಿಗೆ ತನ್ನ ಅಮ್ಮನ ಒಂದು ಫೋಟೋ ಕೂಡ ಇರಲಿಲ್ಲ. ನನ್ನ ಆ ಅಜ್ಜಿ ತೀರಿಕೊಂಡಾಗ ದೊಡ್ಡಮ್ಮ ಇನ್ನೂ ಶಾಲೆಗೆ ಹೋಗುವ ಹುಡುಗಿ, ಅವಳ ತಂಗಿ, ಅಂದರೆ ನನ್ನಮ್ಮ, ಅಂಬೆಗಾಲಿಡುವ ಕೂಸು. ಶಾಲೆ ಬಿಟ್ಟು ಆ ಕೂಸನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ದೊಡ್ಡಮ್ಮನೇ. "ಪಾಪ, ಇವಳಿಗೆ ಅಮ್ಮನ ಮುಖಾನೇ ಗೊತ್ತಿಲ್ಲ. ನನ್ನ ಕಣ್ಣು ಮಂಜಾಗೋದ್ರೊಳಗೆ ಬರೆದು ತೋರಿಸ್ಬೇಕು" ಎಂಬುದೊಂದೇ ಅವಳ ಹಂಬಲ. ನನ್ನಿಂದ ಹಣೆ ತೆಗೆದುಕೊಂಡಳು, ಅಮ್ಮನಿಂದ ಮೂಗು, ಉಳಿದದ್ದೆಲ್ಲ ನೆನಪಿನಿಂದ. ವರ್ಷಗಟ್ಟಲೆ ಬರೆದಳು, "ಇದಲ್ಲ" ಎಂದು ಕೆರೆದು ಹಾಕಿದಳು. ಕಣ್ಣು ಮಂಜಾಗುತ್ತಲೇ ಇತ್ತು.

ಕಡೆಗೊಂದು ದಿನ ಅಮ್ಮನನ್ನೂ ನನ್ನನ್ನೂ ಕರೆಸಿ ಚಿತ್ರದ ಮೇಲಿನ ಬಟ್ಟೆ ಸರಿಸಿದಳು.

"ದೊಡ್ಡಮ್ಮಾ, ಇದು ಥೇಟ್ ನೀನೇ!" ಅಂದೆ.

ಅವಳು ನಕ್ಕಳು. ಆಮೇಲೆ ಕಿಟಕಿ ಪಕ್ಕದ ಕನ್ನಡಿಗೆ ಮುಖ ಒಡ್ಡಿ ನೋಡಿಕೊಂಡಳು, ಮತ್ತೆ ಚಿತ್ರ ನೋಡಿದಳು. ನಗು ಇಂಗಿಹೋಯಿತು.

"ಹೌದಲ್ಲೇ... ಅಮ್ಮ ಅಂದ್ಕೊಂಡು ನನ್ನನ್ನೇ ಬರ್ಕೊಂಡಿದೀನಿ. ಅಂದ್ರೆ, ಅವಳ ಮುಖ ನನಗೂ ಮರೆತುಹೋಗಿದೆ."

ಅವಳು ಬಣ್ಣ ಕೆರೆಯುವ ಚಾಕು ಎತ್ತಿಕೊಂಡಳು.

ಅಮ್ಮ ಹೋಗಿ ಅವಳ ಕೈ ಹಿಡಿದುಕೊಂಡಳು. "ಬಿಡಕ್ಕಾ, ಕೆರೀಬೇಡ. ನಂಗೊತ್ತಿರೋ ಅಮ್ಮ ಇರೋದೇ ಹೀಗೆ."