ಅಕ್ಕನ ಕಣ್ಣಿಗೊಮ್ಮೆ ಬಾದಾಮಿ

ಅಕ್ಕ ನನ್ನನ್ನು ಏನೂ ಕೇಳಿದವಳಲ್ಲ. ಹಾಗಾಗಿ ಒಂದು ಸಂಜೆ ಚಹಾದ ಬಸಿ ಕೆಳಗಿಟ್ಟು, "ಬಾದಾಮಿ ಗುಡ್ಡ ಹತ್ತಿ ಆ ಗವಿ ಒಮ್ಮೆ ನೋಡಬೇಕು ಅನಿಸೇತಿ ನೋಡವಾ" ಎಂದಾಗ ಇಲ್ಲ ಎನ್ನುವುದು ನನ್ನಿಂದಾಗಲಿಲ್ಲ. ಇಳಕಲ್ಲಿನಲ್ಲಿ ಹುಟ್ಟಿ, ಅದೇ ಊರಿನ ಇನ್ನೊಂದು ಓಣಿಗೆ ಸೊಸೆಯಾಗಿ ಹೋದ ಅಕ್ಕ ಬಾದಾಮಿಯ ಮೇಲೆ ಹಾಯದೆ ಇದ್ದವಳೇನಲ್ಲ. ನಾವು ನೇಕಾರರು, ಬನಶಂಕರಿ ನಮ್ಮ ಮನೆದೇವರು. ವರ್ಷಕ್ಕೊಮ್ಮೆ ದರ್ಶನಕ್ಕೆ ಹೋಗುವಾಗ ಬಾದಾಮಿಯಲ್ಲಿ ಬಸ್ಸು ಬದಲಿಸುತ್ತಿದ್ದೆವು. ಆಗ ಕತ್ತೆತ್ತಿ ಕೆಂಪು ಬಂಡೆಗಳನ್ನು ನೋಡಿದ್ದಷ್ಟೇ. ಹತ್ತೋಣ ಎಂದರೆ ಅವ್ವ, "ಗುಡ್ಡ ಎಲ್ಲಿ ಓಡಿಹೋಗತೈತಿ ತಗೊ, ಮುಂದಿನ ಸಲ ನೋಡಿದ್ರಾತು" ಎನ್ನುತ್ತಿದ್ದಳು. ಗುಡ್ಡ ಓಡಿಹೋಗಲಿಲ್ಲ. ಅಕ್ಕನ ಕಣ್ಣುಗಳು ಹೊರಟು ನಿಂತಿದ್ದವು.

ಅವಳು ಹುನಗುಂದದ ಮೇಲೆ ಬರುವ ಬಸ್ಸು ಹಿಡಿದು ಬಾಗಲಕೋಟೆಗೆ, ವಿದ್ಯಾಗಿರಿಯ ನನ್ನ ಬಾಡಿಗೆ ಮನೆಗೆ ಬಂದು ತಿಂಗಳಾಗುತ್ತಾ ಬಂದಿತ್ತು. ಕಣ್ಣು ತೋರಿಸಲೆಂದೇ ಬಂದದ್ದು. ನಾನು ಮದುವೆಯಾದವಳಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಹುಡುಗರಿಗೆ ಸುಮ್ಮನಿರ್ರಿ ಎಂದು ಹೇಳುತ್ತಾ ವಯಸ್ಸು ಕಳೆದವಳು. ಮನೆಯಲ್ಲಿ ಸುಮ್ಮನಿರು ಎನ್ನಲು ಯಾರೂ ಇಲ್ಲ. ಅಕ್ಕ ಬಂದ ಮೇಲೆ ಮನೆಯಲ್ಲಿ ಮಾತು ಕೇಳಿಸತೊಡಗಿತ್ತು, ನಿಜ ಹೇಳಬೇಕೆಂದರೆ ನನಗೆ ಅದು ಹಿತವಾಗಿತ್ತು.

ಇಳಕಲ್ ಸೀರೆಯಲ್ಲಿ ಮೈಯ ನೂಲು ಬೇರೆ, ಸೆರಗಿನ ರೇಷ್ಮೆ ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೆರಗು ನೇಯಲು ಬರುವುದು. ನಮ್ಮ ಮನೆಗಳಲ್ಲಿ ಅದು ಹೆಂಗಸರ ಕೆಲಸ, ಅಕ್ಕ ಲಂಗ ಉಡುವ ಕಾಲದಿಂದ ಮಾಡಿಕೊಂಡು ಬಂದಿದ್ದಳು. ಹೋದ ವರ್ಷ ಅವಳು ಕೂಡಿಸಿದ ಎಳೆಗಳಲ್ಲಿ ಅಲ್ಲಲ್ಲಿ ಕೊಂಡಿ ತಪ್ಪಿದ್ದನ್ನು ಭಾವ ಕಂಡರಂತೆ. ಒಂದು ಮಾತೂ ಆಡದೆ ಬಿಚ್ಚಿ ಸೊಸೆಯ ಕೈಗೆ ಕೊಟ್ಟರಂತೆ. ಬೈದಿದ್ದರೆ ಬೇಕಾಗಿತ್ತು ಎಂದು ಅಕ್ಕ ನನ್ನೆದುರು ಅತ್ತಳು. ಆಮೇಲೆ ಅವಳು ಮಗ್ಗದ ಕೋಣೆಗೆ ಕಾಲಿಟ್ಟಿಲ್ಲ.

ಇರುಳುಗಣ್ಣು ನಮ್ಮ ಮನೆಗೆ ಹೊಸದೇನಲ್ಲ. ಅವ್ವನಿಗೂ ಇತ್ತು. ತಪ್ಪಲ ಪಲ್ಲೆ, ಎಂದರೆ ಸೊಪ್ಪು, ತಿನ್ನದವರಿಗೆ ಅದು ಬರುತ್ತದೆಂದು ಓಣಿಗೆ ಓಣಿಯೇ ನಂಬಿತ್ತು. ಬನಶಂಕರಿಯೋ ಶಾಕಾಂಬರಿ, ಕಾಯಿಪಲ್ಲೆಯ ದೇವತೆ. ಅವಳ ಒಕ್ಕಲಾಗಿ ಪಲ್ಲೆ ತಿನ್ನದೆ ಅವಳ ಸಿಟ್ಟಿಗೆ ಗುರಿಯಾದೆವು ಎಂಬುದು ಅವ್ವನ ಲೆಕ್ಕ. ಅಕ್ಕನಿಗೂ ಸಂಜೆಯ ಹೊತ್ತು ಕಣ್ಣು ಮಸುಕಾದಾಗ ಯಾರೂ ದವಾಖಾನೆಯ ಮಾತೆತ್ತಲಿಲ್ಲ. ಹಕ್ಕರಕಿ, ರಾಜಗಿರಿ, ಮೆಂತ್ಯೆ, ನುಗ್ಗೆ ತಪ್ಪಲ ಎಂದು ವರ್ಷಗಟ್ಟಲೆ ತಿನ್ನಿಸಿದರು, ದೇವಿಗೆ ಹರಕೆ ಹೊತ್ತರು. ನಾನೂ, "ಅಕ್ಕ, ಆಡಿಗೆ ಒಂದೀಟು ಉಳಸು" ಎಂದು ಚೇಷ್ಟೆ ಮಾಡುತ್ತಿದ್ದೆ. ಬಾಗಲಕೋಟೆಯ ಡಾಕ್ಟರು ಎಲ್ಲ ಕೇಳಿಸಿಕೊಂಡು, ಇದು ಪಲ್ಲೆಯಿಂದ ಬರುವುದೂ ಅಲ್ಲ, ಪಲ್ಲೆಯಿಂದ ಹೋಗುವುದೂ ಅಲ್ಲ ಎಂದರು. ಕಣ್ಣಿನ ಒಳಗಿನ ಪರದೆ ಸುತ್ತಲಿಂದ ಒಣಗುತ್ತಾ ಬಂದಿದೆ, ನಡುವೆ ಒಂದಿಷ್ಟು ಉಳಿದಿದೆ, ಅದೂ ಹೋಗುತ್ತದೆ, ಮದ್ದಿಲ್ಲ ಎಂದರು.

ಆ ದಿನ ಮನೆಗೆ ಬಂದವಳೇ ನಾನು ಸಿಡಿದೆ. ಇನ್ನು ಮೇಲೆ ದೇವಿ, ಹರಕೆ ಎಂದು ನನ್ನೆದುರು ಯಾರೂ ಬಾಯಿ ತೆಗೆಯಕೂಡದು ಎಂದೆ. ಅಕ್ಕ ಎದ್ದು ರೊಟ್ಟಿಯ ಹಿಟ್ಟು ನಾದತೊಡಗಿದಳು. ವಾರದ ನಂತರ ಗುಡ್ಡ ನೋಡಬೇಕು ಎಂದಳು.

ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ದಿನದ ಪ್ರವಾಸದ ಫ್ಲೆಕ್ಸು ಕಟ್ಟಿದ್ದರು. ಬಾದಾಮಿಯ ಗುಹೆಗಳು, ಕೆರೆ, ಬನಶಂಕರಿಯಲ್ಲಿ ಊಟ, ಸಂಜೆಗೆ ವಾಪಸು, ಜೊತೆಗೆ ಗೈಡು. ತಿಳಿಸಿ ಹೇಳುವವರೊಬ್ಬರಿದ್ದರೆ ಉಳಿದ ಕಣ್ಣಿಗೆ ನಾಲ್ಕು ಒಳ್ಳೆಯ ವಸ್ತು ಬೀಳುತ್ತವೆ ಎಂದು ಎರಡು ಸೀಟು ಹಿಡಿದೆ. ಭಾನುವಾರ ಬೆಳಿಗ್ಗೆ ಮಿನಿ ಬಸ್ಸು ಬಂತು. ಗೈಡು ನಡುವಯಸ್ಸಿನ ಮನುಷ್ಯ, ಬಾದಾಮಿಯವನೇ. ಆದರೆ ಮೈಕು ಕೈಗೆ ಬಂದದ್ದೇ ತಡ, "ಮಾನ್ಯ ಪ್ರವಾಸಿಗರೇ, ತಾವೀಗ ತಮ್ಮ ಬಲಭಾಗಕ್ಕೆ ವೀಕ್ಷಿಸುತ್ತಿರುವುದು" ಎಂದು ಬೆಂಗಳೂರಿನವನಾಗಿಬಿಡುತ್ತಿದ್ದ. ಬಲಭಾಗಕ್ಕಿದ್ದದ್ದು ಸೂರ್ಯಕಾಂತಿ ಹೊಲ. ಗ್ರಂಥಾಲಯದವಳಾದ ನನಗೆ ಆ ಮೈಕಿನ ಬಾಯಿಗೆ ಬಟ್ಟೆ ತುರುಕಬೇಕೆನಿಸಿತು. ಅಕ್ಕ ಮಾತ್ರ ಅವನ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಳು.

ಮೆಟ್ಟಿಲುಗಳನ್ನು ಅವಳು ನನ್ನ ತೋಳು ಹಿಡಿದು ಹತ್ತಿದಳು. ಮಂಗಗಳಿಗೆ ಹೆದರಿ ಜನ ಚೀಲ ಎದೆಗವಚಿಕೊಂಡಿದ್ದರು. ಬಿಸಿಲಿಗೆ ಬಂಡೆ ಆಗಲೇ ಕಾದಿತ್ತು. ಮೊದಲ ಗುಹೆಯ ಮುಂದೆ ಹದಿನೆಂಟು ಕೈಯ ನಟರಾಜ. ಅಕ್ಕ, "ಭಾಳ ಚಲೋ ಮಾಡ್ಯಾರ" ಎಂದಳು. ಅಲ್ಲೇ ಇನ್ನೊಂದು ಬದಿಗೆ ಆನೆ ಮತ್ತು ಎತ್ತಿಗೆ ಒಂದೇ ತಲೆ ಕೂಡಿಸಿ ಕಡೆದ ಕಲ್ಲೊಂದಿದೆ. ಬಾದಾಮಿಯ ಗೈಡುಗಳೆಲ್ಲ ಅದನ್ನು ತೋರಿಸುವುದು ಒಂದೇ ರೀತಿ. ಅಂಗೈಯಿಂದ ಒಂದು ಮೈ ಮುಚ್ಚಿ ಏನು ಕಾಣುತ್ತದೆ ಎನ್ನುವುದು, ಆಮೇಲೆ ಇನ್ನೊಂದು ಮೈ ಮುಚ್ಚುವುದು. ನಮ್ಮವನೂ ಆನೆಯ ಮೈ ಮುಚ್ಚಿ ಕೇಳಿದ. ಎಲ್ಲರೂ ಎತ್ತು ಎಂದರು. ಅದೇ ಗಳಿಗೆಗೆ ಅಕ್ಕ, "ಆನಿ" ಎಂದಳು.

ಜನ ನಕ್ಕರು. ಗೈಡೂ ಮೈಕಿನ ಭಾಷೆ ಮರೆತು, "ಅವ್ವಾರು ನನ್ನಕಿಂತ ಒಂದ ಹೆಜ್ಜಿ ಮುಂದ ಅದಾರ" ಎಂದು ನಗಿಸಿದ. ಅಕ್ಕನೂ ಅವರ ಸಂಗಡ ನಕ್ಕಳು. ನಾನು ನಗಲಿಲ್ಲ. ಅವಳ ಮುಖ ಅವನ ದನಿ ಬರುವ ಕಡೆಗಿತ್ತು, ಕಲ್ಲಿನ ಕಡೆಗೆ ಇರಲಿಲ್ಲ. ಆನೆ, ಎತ್ತು ಎರಡೂ ಇರುವ ಕಲ್ಲು ಎಂದು ಅವನು ಮೊದಲೇ ಹೇಳಿದ್ದನ್ನು ಕೇಳಿ, ಎರಡರಲ್ಲಿ ಒಂದು ಅಂದುಬಿಟ್ಟಿದ್ದಳು.

ಮೂರನೆಯ ಗುಹೆಯ ಮುಂದೆ ಅವಳನ್ನು ಒಂದು ಕಟ್ಟೆಗೆ ಕೂಡಿಸಿದೆ. "ಖರೆ ಹೇಳಕ್ಕ, ಎಷ್ಟು ಕಾಣತೈತಿ?" ಎಂದೆ.

"ಕಾಣತೈತಿ ಬಿಡು."

"ಖರೆ ಹೇಳು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಿಸಲಾಗ ಎಲ್ಲಾ ಬೆಳ್ಳಗ, ನೆರಳಾಗ ಎಲ್ಲಾ ಕರ್ರಗ. ಅಷ್ಟ. ಡಾಕ್ಟರ್ ಮುಂದ ಒಂದಿಷ್ಟು ಹೆಚ್ಚಿಗಿ ಹೇಳಿದ್ದೆ. ನೀ ಅಳ್ತಿ ಅಂತ."

"ಮತ್ಯಾಕ ಬಂದಿ ಇಲ್ಲಿಗೆ?"

"ಬಂದೇನಿ ಬಿಡು. ನೀನರ ನೋಡು. ನೋಡಿ ಬಂದು ನನಗ ಹೇಳು."

ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ಎದ್ದು ಒಳಗೆ ಹೋದೆ. ಉರಿಬಿಸಿಲಿನಿಂದ ಒಳಗೆ ಹೊಕ್ಕರೆ ಯಾರಿಗಾದರೂ ಕತ್ತಲೇ ಎಂದುಕೊಂಡು ಹೆಜ್ಜೆ ಹಾಕಿದವಳ ಭುಜ ಕಂಬಕ್ಕೆ ಬಡಿಯಿತು. ಸಾವರಿಸಿಕೊಂಡು ನಿಂತೆ. ಉಳಿದವರು ಆಗಲೇ ಗೋಡೆಯ ಒಂದೊಂದು ಮೂರ್ತಿಯನ್ನೂ ಬೆರಳು ಮಾಡಿ ತೋರಿಸುತ್ತಾ ಮಾತಾಡುತ್ತಿದ್ದರು. ನಾನು ಸುಮ್ಮನೆ ಮೊಬೈಲ್ ಎತ್ತಿ ಒಂದರ ಮೇಲೊಂದು ಫೋಟೋ ಹೊಡೆದುಕೊಂಡು ಹೊರಗೆ ಬಂದೆ. ಹೂವು, ಬಳ್ಳಿ, ದೇವರು ಎಂದು ಅಕ್ಕನಿಗೆ ಏನೋ ಒಂದಿಷ್ಟು ಹೇಳಿದೆ. ಅವಳು ಭುಜ ಉಜ್ಜಿಕೊಳ್ಳುತ್ತಿದ್ದ ನನ್ನ ಕೈ ಸವರಿ, "ಬಡೀತೇನ?" ಎಂದಳು. ಗೈಡು ಅವಸರ ಮಾಡಿದ ಎಂದೆ. ಪಾಪ, ಅವನು ಆಗ ಅಲ್ಲಿ ಇರಲೇ ಇಲ್ಲ.

ಬನಶಂಕರಿಗೆ ಬರುವ ಹೊತ್ತಿಗೆ ಎಲ್ಲರಿಗೂ ಹೊಟ್ಟೆ ಹಸಿದಿತ್ತು. ಗುಡಿಯ ಎದುರು ಹೆಂಗಸರು ಬುಟ್ಟಿ ಇಟ್ಟುಕೊಂಡು ಕುಂತಿದ್ದರು. ಜೋಳದ ರೊಟ್ಟಿ, ಕಾಳುಪಲ್ಲೆ, ಕೆಂಪು ಚಟ್ನಿ, ಸಣ್ಣ ಗಡಿಗೆಯ ಮೊಸರು. ನಮ್ಮ ಬಸ್ಸಿನವರು ಮರದ ನೆರಳು ಹಿಡಿದು ಊಟಕ್ಕೆ ಕುಳಿತರು. ಅಕ್ಕ ಮಾತ್ರ ದರ್ಶನ ಆಗದೆ ಉಣ್ಣುವುದಿಲ್ಲ ಎಂದಳು. ಇಷ್ಟು ದೂರ ಬಂದು ದೇವಿಗೆ ಕೈಮುಗಿಯಬೇಡ ಎನ್ನುವಷ್ಟು ಕಲ್ಲೆದೆಯವಳಲ್ಲ ನಾನು. ಆದರೆ ಅವಳು ತೆಂಗಿನಕಾಯಿಯ ಅಂಗಡಿಯಲ್ಲಿ ನಿಂತು, "ಬೆಳ್ಳಿ ಕಣ್ಣು ಒಂದ ಜೋಡಿ ಕೊಡವಾ" ಎಂದಾಗ ಮೈ ಉರಿಯಿತು. ಕಣ್ಣಿನ ಬೇನೆಗೆ ದೇವಿಗೆ ಬೆಳ್ಳಿ ಕಣ್ಣು ಏರಿಸುವುದು ನಮ್ಮ ಕಡೆಯ ರೂಢಿ. ಅವ್ವ ಎಷ್ಟು ಏರಿಸಿದ್ದಳೋ ದೇವಿಗೇ ಗೊತ್ತು. ಡಾಕ್ಟರು ಅಷ್ಟು ಬಿಡಿಸಿ ಹೇಳಿದ ಮೇಲೂ ಇದು ಬೇಕೆ ಎಂದು ನನ್ನೊಳಗೇ ಕುದಿಯುತ್ತಾ, ಅವಳ ರಟ್ಟೆ ಹಿಡಿದು ಸರದಿಯಲ್ಲಿ ನಿಂತೆ.

ಗರ್ಭಗುಡಿಯ ಮುಂದೆ ಪೂಜಾರಿಗಳು ತಟ್ಟೆ ಇಸಿದುಕೊಂಡರು. "ಯಾರ ಹೆಸರಿಲೆ ಏರಸೂದ್ರಿ?" ಎಂದು ಕೇಳಿದರು.

ಅಕ್ಕ ನನ್ನ ಹೆಸರು ಹೇಳಿದಳು.

ಗದ್ದಲದಲ್ಲಿ ಬಾಯಿ ತಪ್ಪಿ ಅಂದಳೆಂದುಕೊಂಡು, "ಅಲ್ರಿ, ಅಕ್ಕನ ಹೆಸರಿಲೆ ಏರಸ್ರಿ" ಎಂದು ನಾನು ತಿದ್ದಿದೆ. ಅವಳು ನನ್ನ ಕೈ ಒತ್ತಿ ಹಿಡಿದು ಪೂಜಾರಿಗಳಿಗೆ, "ನಾ ಹೇಳಿದ್ದ ಬರೊಬ್ಬರಿ ಐತ್ರಿ. ಈಕಿ ಹೆಸರಿಲೆನ ಏರಸ್ರಿ" ಎಂದಳು. ಹಿಂದಿನವರು ನೂಕುತ್ತಿದ್ದರು. ಪೂಜಾರಿಗಳು ನನ್ನ ಹೆಸರು ಹೇಳಿ ಮಂತ್ರ ಮುಗಿಸಿ, ಕುಂಕುಮ ಕೊಟ್ಟು ಮುಂದೆ ಸಾಗಹಾಕಿದರು.

ಹೊರಗೆ ಹೊಂಡದ ಮಗ್ಗುಲ ಕಲ್ಲಿನ ಮೇಲೆ ಕುಳಿತೆವು. ಅವಳೇ ಮಾತು ಶುರು ಮಾಡಿದಳು.

"ಸಂಜಿ ಆಗಿಂದ ನೀ ಗ್ವಾಡಿ ಸವರಕೋತ ಅಡಗಿಮನಿಗೆ ಹೋಗ್ತಿ. ಅಂಗೈ ಗ್ವಾಡಿಗೆ ತಿಕ್ಕೂ ಸಪ್ಪಳ ನನಗ ಕೇಳತೈತಿ. ನಿನ್ನ ವಯಸ್ಸಿನ್ಯಾಗ ನಾನೂ ಹಂಗ ಹೋಗ್ತಿದ್ದೆ. ಕೇಳಿದ್ರ ಲೈಟು ಹಳೇದಾಗೇತಿ ಅಂತಿದ್ದೆ."

ನಾನೂ ಅದನ್ನೇ ಹೇಳುತ್ತಿದ್ದೆ. ಟ್ಯೂಬ್‌ಲೈಟು ಬದಲಿಸಬೇಕು ಎನ್ನುತ್ತಿದ್ದೆ. ಕತ್ತಲಾದ ಮೇಲೆ ಸ್ಕೂಟಿ ಓಡಿಸುವುದನ್ನು ಬಿಟ್ಟು, ಎದುರಿನ ಗಾಡಿಗಳ ಲೈಟು ಕಣ್ಣಿಗೆ ಕುಕ್ಕುತ್ತದೆ ಎನ್ನುತ್ತಿದ್ದೆ. ಗ್ರಂಥಾಲಯದ ಹಿಂದಿನ ಕಪಾಟುಗಳಿಗೆ ಸಂಜೆಯ ಹೊತ್ತು ಹೋಗದೆ, ನಾಳೆ ಬರ್ರಿ ಎಂದು ಹುಡುಗರನ್ನು ಸಾಗಹಾಕುತ್ತಿದ್ದೆ. ಎಲ್ಲಕ್ಕೂ ನನ್ನ ಬಳಿ ಒಂದೊಂದು ಕಾರಣವಿತ್ತು. ಆ ಕಲ್ಲಿನ ಮೇಲೆ ಕುಳಿತಾಗ ಒಂದೂ ಉಳಿಯಲಿಲ್ಲ.

"ನೀ ಫೀ ಕಟ್ಟಾಕ ಹೋದಾಗ ಡಾಕ್ಟರ್ ಅಂದ್ರು. ಇದು ರಕ್ತದಾಗ ಬರತೈತಿ, ಒಡಹುಟ್ಟಿದವರೂ ತೋರಿಸಿಕೊಳ್ಳಲಿ ಅಂದ್ರು. ನಿನಗ ಹೇಳಾಕ ನನಗ ಬಾಯಿ ಬರಲಿಲ್ಲ. ಬನಶಂಕರಿಗೆ ಕರಕೊಂಡು ಹೋಗು ಅಂದ್ರ ನೀ ಜಗಳ ತಗೀತಿದ್ದಿ. ಅದಕ್ಕ ಗುಡ್ಡ ನೋಡಬೇಕು ಅಂದೆ."

"ನಿನ್ನ ಹೆಸರಿಲೆ ಯಾಕ ಏರಸಲಿಲ್ಲ?" ಎಂದೆ.

"ನಂದು ಮುಗೀತಲ್ಲ. ಹೋದ ಕಣ್ಣಿಗೆ ಎಂಥಾ ಹರಕಿ? ನನಗರ ಸೊಸಿ ಅದಾಳ, ಮೊಮ್ಮಕ್ಕಳು ಅದಾವ. ನಿನಗ ಯಾರದಾರ?" ಎಂದು ಸೆರಗಿನ ತುದಿ ಕೈಗೆತ್ತಿಕೊಂಡು, "ಪಲ್ಲೆ ತಿಂದ್ರ ಆಗೂದಿಲ್ಲಂತ ಗೊತ್ತಾತು. ದೇವಿ ಕೈಲೆ ಆಗತೈತೋ ಇಲ್ಲೋ ನನಗ ಗೊತ್ತಿಲ್ಲ. ನನ್ನ ಕೈಲೆ ಆಗೂದು ಇಷ್ಟ ಇತ್ತು" ಎಂದಳು.

ನನಗೆ ಹೆದರಿಕೆಯಾಯಿತು. ಇಷ್ಟು ದಿನ ಅಕ್ಕನ ಕುರುಡುತನಕ್ಕಾಗಿ ಮರುಗುತ್ತಿದ್ದೆನಲ್ಲ, ಅದು ದೂರ ನಿಂತು ಮರುಗಿದ್ದು. ಈಗ ಅದು ನನ್ನ ಪಕ್ಕದಲ್ಲೇ ಬಂದು ಕುಳಿತಿತ್ತು. ಅವಳಿಗಿಂತ ಹತ್ತು ವರ್ಷಕ್ಕೆ ಸಣ್ಣವಳು ನಾನು. ಹತ್ತು ವರ್ಷದ ಆಚೆ ನಾನು ಹೇಗಿರುತ್ತೇನೆ ಎಂಬುದು ಎದುರಿಗೇ ಕುಳಿತು, ಸೆರಗಿನ ತುದಿ ಹೊಸೆಯುತ್ತಿತ್ತು. ಓದುವುದೊಂದು ಬಿಟ್ಟು ನನಗೆ ಇನ್ನೇನು ಬರುತ್ತದೆ? ಇಬ್ಬರೂ ಒಂದೊಂದು ರೊಟ್ಟಿ ತಿಂದೆವು. ಮೊಸರು ಹುಳಿಯಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಂತ್ಯಾಕ್ಷರಿ ನಡೆದಿತ್ತು. ಗೈಡು ನಮ್ಮ ಸೀಟಿಗೆ ಬಗ್ಗಿ, "ಹೆಂಗಾತ್ರಿ ಅವ್ವಾರ, ಎಲ್ಲಾ ನೋಡಿದ್ರಿಲ್ಲೋ?" ಎಂದು ಕೇಳಿದ. ಅಕ್ಕ, "ಭಾಳ ಚಲೋ ತೋರಿಸಿದ್ರೆಪಾ" ಎಂದಳು. ಅವನಿಗೆ ಖುಷಿಯಾಯಿತು. ಹೊತ್ತು ಮುಳುಗುತ್ತಿದ್ದಂತೆ ನಾನು ಕಿಟಕಿಯಿಂದ ಹೊರಗೆ ನೋಡುತ್ತಾ ಕುಳಿತೆ. ಹೊಲ ಯಾವುದು, ಗಿಡ ಯಾವುದು, ಮನೆ ಯಾವುದು ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕೇಳಿಕೊಳ್ಳುವುದನ್ನು ಬಿಟ್ಟೆ.

"ನಾಳೆ ರಜಾ ಹಾಕು. ದವಾಖಾನಿಗೆ ನಾನೂ ಬರ್ತೇನಿ" ಎಂದಳು ಅಕ್ಕ. ಹ್ಞೂಂ ಎಂದೆ.

ಬಸ್ಸು ನಮ್ಮನ್ನು ವಿದ್ಯಾಗಿರಿಯ ತಿರುವಿನಲ್ಲಿ ಇಳಿಸಿ ಹೋಯಿತು. ಕರೆಂಟು ಹೋಗಿತ್ತು. ನನ್ನ ಮೊಬೈಲು ಫೋಟೋ ತೆಗೆದು ತೆಗೆದು ಸತ್ತಿತ್ತು. ಅದೇ ದಾರಿಯಲ್ಲಿ ಹುಡುಗರು ಮಾತಾಡುತ್ತಾ, ನಗುತ್ತಾ ಸಲೀಸಾಗಿ ನಡೆದು ಹೋಗುತ್ತಿದ್ದುದು ಕೇಳಿಸುತ್ತಿತ್ತು. ಅವರಿಗೆ ಕಾಣುವಷ್ಟು ಬೆಳಕು ಅಲ್ಲಿತ್ತು. ನನಗೆ ಕಾಲ ಕೆಳಗಿನ ರಸ್ತೆಯೇ ಕಾಣಲಿಲ್ಲ. ಗಟಾರು ಎಲ್ಲಿ, ಕಲ್ಲು ಎಲ್ಲಿ ಎಂದು ತಿಳಿಯದೆ ನಿಂತಲ್ಲೇ ನಿಂತೆ. ಒಂದು ಹೆಜ್ಜೆಯನ್ನೂ ಎತ್ತಿಡುವ ಧೈರ್ಯ ಬರಲಿಲ್ಲ.

ಅಕ್ಕ ಕತ್ತಲಲ್ಲಿ ತಡವರಿಸಿ ನನ್ನ ಮಣಿಕಟ್ಟು ಹುಡುಕಿ ಹಿಡಿದಳು.

"ಬಾ. ನನಗ ರೂಢಿ ಐತಿ. ನಿನಗ ಇನ್ನ ಆಗಬೇಕು."

ಮನೆಯ ತನಕ ಅವಳೇ ಮುಂದೆ ನಡೆದಳು.